ರೇಡಿಯೋಗ್ರಾಮ್ ತಂದ ದಿನವೇ ಪ್ಲಗ್ ಹಾಕಬೇಡಿ

ರೇಡಿಯೋ, ರೆಕಾರ್ಡ್ ಪ್ಲೇಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ನನ್ನ ಮೊದಲ ರೇಡಿಯೋಗ್ರಾಮ್ ನಮ್ಮ ಮನೆಯಲ್ಲಿ ಬದುಕಿದ್ದು ಹೆಚ್ಚೆಂದರೆ ನಾಲ್ಕು ನಿಮಿಷ. ಗುಜರಿಯಿಂದ ತಂದಿದ್ದೆ. ಗಾಡಿಯಿಂದ ಇಳಿಸಿದೆ, ಧೂಳು ಒರೆಸಿದೆ, ಪ್ಲಗ್ ಹಾಕಿಯೇಬಿಟ್ಟೆ. ಡಯಲ್ ಹೊತ್ತಿಕೊಂಡಿತು. ಗುಂಯ್ ಅಂತ ಸದ್ದೂ ಬಂತು. ಖುಷಿಯಲ್ಲಿ ಹೆಂಡತಿಯನ್ನು ಕೂಗಿದೆ. ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಕೊಳೆತ ಬೆಳ್ಳುಳ್ಳಿಯಂಥ ನಾತ, ಹಿಂದಿನಿಂದ ಹೊಗೆ. "ಇದೇನಾ ನಿಮ್ಮ ಸಂಗೀತ?" ಅಂದಳು.

ಸುಟ್ಟದ್ದು ಸೆಲೆನಿಯಂ ರೆಕ್ಟಿಫೈಯರ್. ಎಸಿ ಕರೆಂಟನ್ನು ಡಿಸಿ ಮಾಡುವ ಭಾಗ ಅದು. ಆ ಹೊಗೆ ವಿಷ, ಉಸಿರಾಡಬಾರದು ಅಂತ ಆಮೇಲೆ ಗೊತ್ತಾಯಿತು. ಅದು ಹೋಗುವಾಗ ಒಂದೇ ಹೋಗಲಿಲ್ಲ, ಟ್ರಾನ್ಸ್‌ಫಾರ್ಮರ್ ಅನ್ನೂ ಕರೆದುಕೊಂಡು ಹೋಯಿತು. ಚಾಮರಾಜಪೇಟೆಯಲ್ಲಿ ಒಬ್ಬರು ಹಳೇ ರೇಡಿಯೋ ಮೆಕ್ಯಾನಿಕ್ ಇದ್ದರು. ನಾವೆಲ್ಲ ಅವರನ್ನು ಅಜ್ಜ ಅಂತಲೇ ಕರೆಯುತ್ತಿದ್ದೆವು. ಅವರಿಗೆ ತೋರಿಸಿದೆ. ಬಯ್ಯಲಿಲ್ಲ. "ಮೂವತ್ತು ವರ್ಷ ಉಪವಾಸ ಇದ್ದವನಿಗೆ ಒಂದೇ ಸಲಕ್ಕೆ ಮದುವೆ ಊಟ ಹಾಕಿದ್ರೆ ಏನಾಗುತ್ತಪ್ಪಾ?" ಅಂದರು, ಅಷ್ಟೇ.

ಅಮೆರಿಕದಲ್ಲಿ ಕನ್ಸೋಲ್ ಸ್ಟೀರಿಯೋ ಎನ್ನುವುದಕ್ಕೆ ನಮ್ಮ ಕಡೆ ರೇಡಿಯೋಗ್ರಾಮ್ ಎಂದೇ ಹೆಸರು. ಬೀರುವನ್ನು ಅಡ್ಡ ಮಲಗಿಸಿದ ಹಾಗೆ ಒಂದು ಮರದ ಪೆಟ್ಟಿಗೆ. ಒಳಗೆ ರೇಡಿಯೋ, ಒಂದಾದ ಮೇಲೊಂದು ರೆಕಾರ್ಡನ್ನು ತಾನೇ ಬೀಳಿಸಿ ನುಡಿಸುವ ರೆಕಾರ್ಡ್ ಚೇಂಜರ್, ಆಂಪ್ಲಿಫೈಯರ್, ಸ್ಪೀಕರ್, ರೆಕಾರ್ಡ್ ಇಡಲು ಜಾಗ. ಒಂದು ಕಾಲಕ್ಕೆ ಇದು ಸಾಹುಕಾರರ ಹಾಲಿನ ಸಾಮಾನು. ಈಗ ಕೆಲವು ಮನೆಗಳಲ್ಲಿ ಅದರ ಮೇಲೆ ಟಿವಿ ಕೂತಿದೆ.

ನಾನು ಇವತ್ತೂ ಕೇಳುತ್ತಿರುವುದು ಎರಡನೆಯದನ್ನು. ಸಕಲೇಶಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಸಿಕ್ಕಿತು. 1960ರ ಆಸುಪಾಸಿನ ಗ್ರುಂಡಿಗ್, ಜರ್ಮನಿಯದು. ಮನೆಯ ಯಜಮಾನಿ ಅಮ್ಮನಿಗೆ ಎಂಬತ್ತು ದಾಟಿತ್ತು. "ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲಪ್ಪ, ಹಾಕಿ ನೋಡಿ" ಅಂದರು. "ಬೇಡ ಅಮ್ಮ, ಹಾಕೋದೇ ಬೇಡ" ಅಂದೆ. ಅವರಿಗೆ ಆಶ್ಚರ್ಯ. ಕೊಳ್ಳೋಕೆ ಬಂದವನು ಹಾಕಿ ನೋಡದೆ ಹಿಂದಿನ ಹಲಗೆಗೆ ಮೂಗು ಇಟ್ಟು ಮೂಸುತ್ತಿದ್ದಾನೆ, ಅಲ್ವಾ! ಆದರೆ ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಎಷ್ಟು ವರ್ಷವಾದರೂ ಹೋಗುವುದಿಲ್ಲ. ಇದರಲ್ಲಿ ಇಲಿಯ ವಾಸನೆ ಮಾತ್ರ ಇತ್ತು. ಆ ಮಟ್ಟಿಗೆ ಒಳ್ಳೆಯ ಸುದ್ದಿ.

ಆಮೇಲೆ ನೋಡಿದ್ದು ಡಯಲಿನ ಗಾಜು. ಅದು ಒಡೆದಿದ್ದರೆ ನಾನು ತೆಗೆದುಕೊಳ್ಳುತ್ತಿರಲಿಲ್ಲ. ವಾಲ್ವ್ (ಟ್ರಾನ್ಸಿಸ್ಟರಿಗೆ ಮುಂಚಿನ ಗಾಜಿನ ಕೊಳವೆ) ಸಿಗುತ್ತದೆ, ಮರ ರಿಪೇರಿಯಾಗುತ್ತದೆ, ಊರುಗಳ ಹೆಸರು ಅಚ್ಚಾದ ಆ ಗಾಜು ಮಾತ್ರ ಸಿಗುವುದಿಲ್ಲ. ನಾಬ್‌ಗಳು ಎಲ್ಲಾ ಇದ್ದವು. ಒಂದು ಕಾಲಿಗೆ ಗೆದ್ದಲು ಹಿಡಿದಿತ್ತು. 18,000 ರೂಪಾಯಿಗೆ ಮಾತಾಯಿತು. ಜಾಸ್ತಿ ಕೊಟ್ಟೆ ಅಂತ ಗೆಳೆಯರು ಈಗಲೂ ಅನ್ನುತ್ತಾರೆ.

ಸಾಗಿಸುವಾಗ ಒಂದು ವಿಷಯ ನೆನಪಿರಲಿ. ಚೇಂಜರ್ ಸ್ಪ್ರಿಂಗುಗಳ ಮೇಲೆ ತೇಲುತ್ತಾ ಕೂತಿರುತ್ತದೆ. ಅದನ್ನು ಅದುಮಿ ಹಿಡಿಯೋಕೆ ಸ್ಕ್ರೂಗಳಿರುತ್ತವೆ. ಅವನ್ನು ಬಿಗಿ ಮಾಡಿ, ತಟ್ಟೆಯನ್ನು ಬೇರೆ ತೆಗೆದು, ಮುಳ್ಳು ಹಿಡಿದಿರುವ ಕೈಯನ್ನು, ಅಂದರೆ ಟೋನ್‌ಆರ್ಮನ್ನು, ದಾರದಿಂದ ಕಟ್ಟಿ ಆಮೇಲೆ ಗಾಡಿಗೆ ಹಾಕಬೇಕು. ಇಲ್ಲದಿದ್ದರೆ ಹಾಸನ ಬರುವಷ್ಟರಲ್ಲಿ ಒಳಗೆ ಎಲ್ಲಾ ಗಿಲಗಿಲ.

ಬೆಂಗಳೂರಿಗೆ ತಂದ ಮೇಲೆ ಮೂರು ತಿಂಗಳು ಕರೆಂಟ್ ಕೊಡಲಿಲ್ಲ. ಅಜ್ಜ ಹೇಳಿಕೊಟ್ಟ ಪ್ರಕಾರ ಮೊದಲು ಕಂಡೆನ್ಸರ್‌ಗಳ ಕೆಲಸ. ಈಗಿನವರು ಕೆಪಾಸಿಟರ್ ಅಂತಾರೆ. ಪವರ್ ಸಪ್ಲೈನ ದಪ್ಪ ಕಂಡೆನ್ಸರ್‌ಗಳು ಒಳಗೇ ಒಣಗಿರುತ್ತವೆ. ಅವು ಕೆಟ್ಟರೆ ಗುಂಯ್ ಸದ್ದು. ಆದರೆ ಅದಕ್ಕಿಂತ ಅಪಾಯದ್ದು ಸ್ಪೀಕರನ್ನು ಓಡಿಸುವ ಔಟ್‌ಪುಟ್ ವಾಲ್ವಿನ ಹಿಂದೆ ಕೂತಿರುವ ಒಂದು ಚಿಕ್ಕ ಕಂಡೆನ್ಸರ್, ಕಪ್ಲಿಂಗ್ ಕಂಡೆನ್ಸರ್. ಹಾಡನ್ನು ಮಾತ್ರ ದಾಟಿಸಿ, ಹಿಂದಿನ ಹಂತದ ಡಿಸಿ ವೋಲ್ಟೇಜನ್ನು ತಡೆಯುವುದು ಅದರ ಕೆಲಸ. ಹಳತಾದಾಗ ಸೋರುತ್ತದೆ. ಸೋರಿದ ವೋಲ್ಟೇಜ್ ವಾಲ್ವಿನೊಳಗೆ ಕರೆಂಟನ್ನು ಹಿಡಿತದಲ್ಲಿಡುವ ಗ್ರಿಡ್‌ಗೆ ಹೋದರೆ ವಾಲ್ವ್ ಮಿತಿಮೀರಿ ಕರೆಂಟ್ ಎಳೆದುಕೊಂಡು ಕೆಂಪಗೆ ಕಾದು ಸಾಯುತ್ತದೆ. ಎಸ್‌ಪಿ ರೋಡಿನಲ್ಲಿ ಹೊಸದು ಕೆಲವೇ ರೂಪಾಯಿಗೆ ಸಿಗುತ್ತದೆ. ಆ ಕೆಲವು ರೂಪಾಯಿಯ ಸಾಮಾನಿಗೆ ಸೋಮಾರಿತನ ಮಾಡಿ ಸಾವಿರಾರು ರೂಪಾಯಿಯ ವಾಲ್ವ್ ಕಳೆದುಕೊಂಡವರನ್ನು ನೋಡಿದ್ದೇನೆ.

ಸೆಲೆನಿಯಂ ತೆಗೆದು ಸಿಲಿಕಾನ್ ಡಯೋಡ್ ಹಾಕಿದೆ. ಇದರಲ್ಲೂ ಒಂದು ತೊಡಕಿದೆ. ಸೆಲೆನಿಯಂ ತನ್ನಲ್ಲೇ ಒಂದಷ್ಟು ವೋಲ್ಟೇಜ್ ತಿನ್ನುತ್ತದೆ, ಸಿಲಿಕಾನ್ ತಿನ್ನುವುದು ತೀರಾ ಕಡಿಮೆ. ಸುಮ್ನೆ ಬದಲಾಯಿಸಿದರೆ ವಾಲ್ವ್‌ಗಳಿಗೆ ವೋಲ್ಟೇಜ್ ಜಾಸ್ತಿಯಾಗುತ್ತದೆ. ಹಾಗಾಗಿ ಜೊತೆಗೆ ಒಂದು ರೆಸಿಸ್ಟರ್ ಹಾಕಬೇಕು. ಹಿಂದೆ ಇರುವ ವೋಲ್ಟೇಜ್ ಸ್ವಿಚ್ಚನ್ನೂ 220ರಿಂದ 240ಕ್ಕೆ ತಿರುಗಿಸಿದೆ.

ಕೊನೆಗೆ ಸೀರೀಸ್ ಬಲ್ಬ್, ಅಂದರೆ ಕರೆಂಟ್ ಒಂದು ಬಲ್ಬಿನ ಮೂಲಕ ಹಾದು ಪೆಟ್ಟಿಗೆಗೆ ಹೋಗುವ ಹಾಗೆ ಮಾಡುವುದು. ನಮ್ಮ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಇರುವ ಸೀರೀಸ್ ಬೋರ್ಡೇ ಸಾಕು. 60 ವ್ಯಾಟಿನ ಹಳೇ ತಂತಿ ಬಲ್ಬ್ ಹಾಕಬೇಕು, ಎಲ್‌ಇಡಿ ನಡೆಯುವುದಿಲ್ಲ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ನನ್ನದರಲ್ಲಿ ಒಮ್ಮೆ ಜೋರಾಗಿ ಹೊತ್ತಿ ನಿಧಾನಕ್ಕೆ ಮಂಕಾಯಿತು. ಅರ್ಧ ನಿಮಿಷ. ಆಮೇಲೆ ಡಯಲಿನ ಪಕ್ಕದ ಮ್ಯಾಜಿಕ್ ಐ, ಸ್ಟೇಷನ್ ಸರಿಯಾಗಿ ಸಿಕ್ಕಿತೇ ಅಂತ ತೋರಿಸುವ ದೀಪ, ಮೆಲ್ಲಗೆ ಹಸಿರಾಯಿತು. ನಾನು ಸ್ವಿಚ್ಚಿನ ಮೇಲಿಂದ ಕೈ ತೆಗೆದಿರಲಿಲ್ಲ.

ಮೊದಲು ಕೇಳಿದ್ದು ಮೀಡಿಯಂ ವೇವ್‌ನಲ್ಲಿ, 612 ಕಿಲೋಹರ್ಟ್ಜ್, ಬೆಂಗಳೂರು ಆಕಾಶವಾಣಿ. ಪ್ರದೇಶ ಸಮಾಚಾರ ಬರುತ್ತಿತ್ತು. ಎಫ್‌ಎಂಗೆ ಬಂದರೆ ಇನ್ನೊಂದು ತಮಾಷೆ. ಆ ಕಾಲದ ಜರ್ಮನ್ ಡಯಲ್ 100 ಮೆಗಾಹರ್ಟ್ಜ್‌ಗೇ ಮುಗಿಯುತ್ತದೆ. ನಮ್ಮ ರೇನ್‌ಬೋ 101.3ರಲ್ಲಿ, ವಿವಿಧ ಭಾರತಿ 102.9ರಲ್ಲಿ. ಎರಡೂ ಬೇಲಿಯ ಆಚೆ! ಡಯಲ್ ಯಾವ ಸ್ಟೇಷನ್ ಹಿಡಿಯಬೇಕೆಂದು ಹೊಂದಿಸುವ ಆಸಿಲೇಟರ್ ಟ್ರಿಮ್ಮರನ್ನು ಕೂದಲೆಳೆಯಷ್ಟು ತಿರುಗಿಸಿದ ಮೇಲೆ ಬಂದವು. ಈಗ ಡಯಲಿನ ಎಫ್‌ಎಂ ಅಂಕಿಗಳೆಲ್ಲ ಸುಳ್ಳು. ನನಗೇನೂ ಬೇಜಾರಿಲ್ಲ.

ಚೇಂಜರ್ ಮಾತ್ರ ಜೀವ ತಿಂದಿತು. ಹಳೇ ಗ್ರೀಸು ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಆಗಿತ್ತು. ಒಂದು ರೆಕಾರ್ಡ್ ಮುಗಿದು ಇನ್ನೊಂದು ಬೀಳಬೇಕಾದ ಜಾಗದಲ್ಲಿ ಆರ್ಮ್ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಪ್ರತಿ ಭಾಗ ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೆ. ಸೀಮೆಎಣ್ಣೆಯಲ್ಲಿ ತೊಳೆದೆ. ಹೊಸ ಗ್ರೀಸ್ ಬೇಕಾದಲ್ಲಿ ಮಾತ್ರ, ಹಲ್ಲಿಗೆ ಹಚ್ಚುವಷ್ಟು. ಮೋಟರಿನಿಂದ ತಟ್ಟೆಗೆ ತಿರುಗು ಕೊಡುವ ರಬ್ಬರ್ ಚಕ್ರ, ಐಡ್ಲರ್, ಕಲ್ಲಾಗಿತ್ತು. ಪ್ರಿಂಟಿಂಗ್ ಪ್ರೆಸ್ಸಿನ ರೋಲರ್‌ಗೆ ರಬ್ಬರ್ ಹಾಕುವವರ ಹತ್ತಿರ ಒಯ್ದೆ. ಇಷ್ಟು ಚಿಕ್ಕದಾ ಅಂತ ನಕ್ಕರು, ಆದರೆ ಚೆನ್ನಾಗಿ ಮಾಡಿಕೊಟ್ಟರು.

ಮುಳ್ಳಿನ ಅದುರನ್ನು ಕರೆಂಟಾಗಿಸುವ ಕಾರ್ಟ್ರಿಜ್ ಸತ್ತಿತ್ತು. ಹಳೇ ಕ್ರಿಸ್ಟಲ್ ಕಾರ್ಟ್ರಿಜ್‌ಗಳಲ್ಲಿ ಇರುವುದು ರೋಷೆಲ್ ಸಾಲ್ಟ್ ಎಂಬ ಉಪ್ಪಿನ ಹರಳು. ಉಪ್ಪು ಅಂದಮೇಲೆ ತೇವಕ್ಕೆ ಆಗುವುದಿಲ್ಲ. ಮಲೆನಾಡಿನ ಅಷ್ಟೊಂದು ಮಳೆಗಾಲ ಕಂಡದ್ದು ಹೇಗೆ ಉಳಿದೀತು? ಅದರ ಜಾಗಕ್ಕೆ ಸೆರಾಮಿಕ್ ಹಾಕಿದೆ. ಐದಾರು ಗ್ರಾಂ ಭಾರ ಬೀಳುತ್ತದೆ. ಹಾಗಾಗಿ ಹೊಸ ದುಬಾರಿ ಎಲ್‌ಪಿಗಳನ್ನು ನಾನು ಇದರಲ್ಲಿ ಹಾಕುವುದಿಲ್ಲ. ಅವಕ್ಕೆ ಬೇರೆ ಪ್ಲೇಯರ್ ಇದೆ.

ಷಿಕಾಗೋದಲ್ಲಿರುವ ನನ್ನ ಚಿಕ್ಕಪ್ಪನ ಮಗ ಇದರ ಫೋಟೋ ನೋಡಿ, ಇಲ್ಲಿ ಮ್ಯಾಗ್ನವಾಕ್ಸ್ ಕನ್ಸೋಲ್ ಪುಕ್ಕಟೆಯಾಗಿ ಕೊಡ್ತಾರೆ, ಕಳಿಸಲಾ ಅಂದ. ಬೇಡ ಅಂದೆ. ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರ್ ಇಡಬಹುದು. ಆದರೆ ಅಲ್ಲಿನ ಕರೆಂಟು 60 ಹರ್ಟ್ಜ್, ನಮ್ಮದು 50. ಆ ಮೋಟರ್ ಓಡುವುದೇ ಈ ಲೆಕ್ಕದ ಮೇಲೆ. ನಿಮಿಷಕ್ಕೆ ಮೂವತ್ತಮೂರು ಸುತ್ತು ಬರಬೇಕಾದ್ದು ಇಪ್ಪತ್ತೆಂಟೂ ಬರುವುದಿಲ್ಲ. ಹಾಡುವವರೆಲ್ಲ ನಿದ್ದೆಯಲ್ಲಿ ಹಾಡಿದಂತೆ ಕೇಳುತ್ತದೆ. ಮೋಟರಿನ ಪುಲ್ಲಿ ಬದಲಿಸಿದರೆ ಸರಿಯಾಗುತ್ತದೆ, ಆದರೆ ಅದನ್ನು ಹುಡುಕಿಕೊಂಡು ಎಲ್ಲಿ ಹೋಗೋದು? ಜರ್ಮನಿಯದೂ ಇಂಗ್ಲೆಂಡಿನದೂ 50 ಹರ್ಟ್ಜ್. ನಮಗೆ ಅವೇ ವಾಸಿ.

ಇನ್ನು ರೆಕಾರ್ಡುಗಳು. ಇಲ್ಲಿ ನಾನು ಮಾಡಿದ ತಪ್ಪನ್ನು ಹೇಳೋಕೂ ನಾಚಿಕೆ. ಎಲ್‌ಪಿಗಳನ್ನು ಸ್ಪಿರಿಟ್ ಬೆರೆಸಿದ ನೀರಿನಲ್ಲಿ ಒರೆಸುವುದು ನನ್ನ ಅಭ್ಯಾಸ. ಸಂಡೆ ಬಜಾರಿನಲ್ಲಿ ಪಿ. ಕಾಳಿಂಗರಾಯರ ಒಂದು 78, ಅಂದರೆ ನಿಮಿಷಕ್ಕೆ 78 ಸುತ್ತಿನ ಹಳೇ ರೆಕಾರ್ಡ್, ಸಿಕ್ಕಿತು. ಅದನ್ನೂ ಹಾಗೇ ಒರೆಸಿದೆ. ಬಟ್ಟೆ ಕಪ್ಪಾಯಿತು. ಎಷ್ಟು ಕೊಳೆ ಅಂತ ಇನ್ನೂ ಉಜ್ಜಿದೆ. ಆಮೇಲೆ ಹೊಳೆಯಿತು, ಅದು ಕೊಳೆಯಲ್ಲ, ರೆಕಾರ್ಡೇ! 78ರ ತಟ್ಟೆಗಳು ಅರಗಿನವು. ಬಡಗಿ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಮರಕ್ಕೆ ಪಾಲಿಶ್ ಮಾಡುತ್ತಾನೆ. ಇದು ಗೊತ್ತಿದ್ದೂ ತಲೆಗೆ ಹೋಗಲಿಲ್ಲ. ಕಾಳಿಂಗರಾಯರ ದನಿ ಈಗ ಜೋರು ಮಳೆಯಲ್ಲಿ ನಿಂತು ಹಾಡಿದಂತೆ ಬರುತ್ತದೆ. 78ಕ್ಕೆ ಬರೀ ನೀರು, ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್. ನಡುವಿನ ಲೇಬಲ್ಲಿಗೆ ತಾಗಬಾರದು.

ಮುಳ್ಳೂ ಬೇರೆ. 78ರ ಗೆರೆ ಅಗಲ, ಎಲ್‌ಪಿಯದು ಸಣ್ಣದು. ಕಾರ್ಟ್ರಿಜ್‌ನಲ್ಲಿ ಒಂದು ಚಿಕ್ಕ ಹಿಡಿ ಇದೆ, ತಿರುಗಿಸಿದರೆ ಇನ್ನೊಂದು ಮುಳ್ಳು ಕೆಳಗೆ ಬರುತ್ತದೆ. ಅದನ್ನು ಮರೆತು 78ರ ಮುಳ್ಳಲ್ಲಿ ಎಲ್‌ಪಿ ಹಾಕಿದರೆ ಉತ್ತಿದ ಹಾಗೆ.

ಲೇಬಲ್ ಓದುವುದೇ ಒಂದು ಸುಖ. ಒಮ್ಮೆ ಹುಬ್ಬಳ್ಳಿಯಲ್ಲಿ ಒಬ್ಬರ ಅಟ್ಟದಲ್ಲಿ ಗಾಂಧಾರಿ ಹಾನಗಲ್ ಎಂಬ ಹೆಸರಿನ ಎಚ್‌ಎಂವಿ ತಟ್ಟೆ ನೋಡಿದೆ. ಮನೆಯವರಿಗೆ ಅದು ಯಾರೋ. ಗಂಗೂಬಾಯಿ ಹಾನಗಲ್ಲರ ಮೊದಮೊದಲ ರೆಕಾರ್ಡುಗಳು ಬಂದದ್ದು ಆ ಹೆಸರಿನಲ್ಲೇ. ಹೇಳಿದ ಮೇಲೆ ಅವರು ಮಾರಲಿಲ್ಲ. ಹೇಳದೆ ಇರಬಹುದಿತ್ತು ಅಂತ ಬಸ್ಸಿನಲ್ಲಿ ಬರುವಾಗ ಅನ್ನಿಸಿದ್ದು ನಿಜ.

ಈಗ ಭಾನುವಾರ ಬೆಳಿಗ್ಗೆ ಕಾಫಿಗೆ ನೀರಿಟ್ಟು ಸ್ವಿಚ್ ಹಾಕುತ್ತೇನೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ವಾಲ್ವ್‌ಗಳು ಕಾದಿರುತ್ತವೆ. ಹಿತ್ತಾಳೆಯ ಹೊಳಪಿಲ್ಲದ, ದುಂಡನೆಯ ಸದ್ದು. ಹೆಂಡತಿಗೆ ರಾಜ್‌ಕುಮಾರ್ ಸಿನಿಮಾಗಳ 45ರ ಚಿಕ್ಕ ತಟ್ಟೆಗಳು ಇಷ್ಟ. ಅವುಗಳ ನಡುವಿನ ದೊಡ್ಡ ತೂತಿಗೆ ಅಡಾಪ್ಟರ್ ಹುಡುಕುವುದು ಅವಳದೇ ಕೆಲಸ.

ಒಂದು ಕೆಲಸ ಬಾಕಿ ಇದೆ. ಎಡಗಡೆ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಶುರುವಾಗಿದೆ. ಔಟ್‌ಪುಟ್‌ನಲ್ಲಿ ಎರಡು ಇಎಲ್84 ವಾಲ್ವ್ ಇವೆ. ಎಡಗಡೆಯದು ಜರ್ಮನಿಯಿಂದ ಪೆಟ್ಟಿಗೆಯ ಜೊತೆಗೇ ಬಂದದ್ದು. ಬಲಗಡೆಯದನ್ನು ಯಾವಾಗಲೋ ಬದಲಿಸಿದ್ದಾರೆ. ಅದರ ಮೇಲೆ ಬಿಇಎಲ್ ಅಂತ ಇದೆ, ನಮ್ಮ ಜಾಲಹಳ್ಳಿಯದು. ನೂರಕ್ಕೆ ನೂರು ಜಾಲಹಳ್ಳಿಯದರದ್ದೇ ತಕರಾರು, ಎಡ ಬಲ ನಾನೇ ತಪ್ಪು ತಿಳಿದಿರಬೇಕು ಅಂದುಕೊಂಡೆ. ಮೊನ್ನೆ ಎರಡನ್ನೂ ಅದಲುಬದಲು ಮಾಡಿ ನೋಡಿದೆ. ಗುಂಯ್ ಬಲಗಡೆಗೆ ಹೋಯಿತು, ಜರ್ಮನ್ ವಾಲ್ವಿನ ಹಿಂದೆಯೇ.