ಎಸ್‌ಎಲ್‌ಪಿ: ದೆಹಲಿಗೆ ಹೊರಡುವ ಮುನ್ನ

ಹೈಕೋರ್ಟಿನಲ್ಲಿ ಸೋತವರು ಸುಪ್ರೀಂ ಕೋರ್ಟಿನಲ್ಲಿ ನೇರವಾಗಿ ಮೇಲ್ಮನವಿ ಹೂಡುತ್ತೇವೆ ಎಂದುಕೊಳ್ಳುತ್ತಾರೆ. ಬಹುಪಾಲು ಪ್ರಕರಣಗಳಲ್ಲಿ ಅಲ್ಲಿ ಮೊದಲು ಬೇಡುವುದು ಮೇಲ್ಮನವಿಗೆ ಅನುಮತಿ. ಅದಕ್ಕೆ ಹಾಕುವ ಅರ್ಜಿಯೇ ಎಸ್‌ಎಲ್‌ಪಿ, ಅಂದರೆ ಸ್ಪೆಷಲ್ ಲೀವ್ ಪಿಟಿಷನ್. ಸಂವಿಧಾನದ 136ನೇ ವಿಧಿಯ ಈ ವಿಶೇಷ ಅನುಮತಿ ಕಕ್ಷಿದಾರರ ಹಕ್ಕಲ್ಲ, ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಹಂತ 1: ದಿನ ಎಣಿಸಿ. ತೀರ್ಪಿನಿಂದ 90 ದಿನ. ದೃಢೀಕೃತ ನಕಲಿಗೆ ಹಿಡಿದ ಕಾಲ ಇದರಲ್ಲಿ ಸೇರುವುದಿಲ್ಲ. ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ ಹಾಕಿ.

ಹಂತ 2: ಅಡ್ವೊಕೇಟ್ ಆನ್ ರೆಕಾರ್ಡ್ (ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಸಲ್ಲಿಸಲು ನೋಂದಾಯಿತರಾದ ವಕೀಲರು) ಒಬ್ಬರಿಗೆ ವಕಾಲತ್ತು ಕೊಡಿ.

ಹಂತ 3: ಸಿನಾಪ್ಸಿಸ್ (ಪ್ರಕರಣದ ಸಾರಾಂಶ) ಮತ್ತು ಕಾನೂನಿನ ಪ್ರಶ್ನೆಗಳು. ಹೆಚ್ಚಿನವರು ಎಡವುವುದು ಇಲ್ಲೇ. ಹೈಕೋರ್ಟಿಗೆ ಬರೆದಿದ್ದ ಆಧಾರಗಳನ್ನೇ ನಕಲು ಮಾಡಿ ಅಂಟಿಸುತ್ತಾರೆ. ‘ತೀರ್ಪು ತಪ್ಪು’ ಎಂದರೆ ಸಾಲದು. ಈ ತಪ್ಪನ್ನು ಸುಪ್ರೀಂ ಕೋರ್ಟೇ ಏಕೆ ತಿದ್ದಬೇಕು ಎಂಬುದಕ್ಕೆ ಉತ್ತರ ಬೇಕು. 1950ರ ಪ್ರೀತಂ ಸಿಂಗ್ ಪ್ರಕರಣದಿಂದಲೂ ಅಳತೆಗೋಲು ಅಸಾಧಾರಣ ಸಂದರ್ಭ, ಗಂಭೀರ ಅನ್ಯಾಯ. ಒಂದೇ ಕಲಮಿಗೆ ಎರಡು ಹೈಕೋರ್ಟುಗಳು ಬೇರೆ ಬೇರೆ ಅರ್ಥ ಹೇಳಿದ್ದರೆ, ಸುಪ್ರೀಂ ಕೋರ್ಟಿನ ತೀರ್ಪನ್ನೇ ಕಡೆಗಣಿಸಿದ್ದರೆ, ನಿಮ್ಮ ವಾದ ಕೇಳದೆಯೇ ಆದೇಶವಾಗಿದ್ದರೆ ಅದು ಮೊದಲ ಪುಟದಲ್ಲೇ ಇರಲಿ. ಕೆಳಗಿನ ಎರಡೂ ನ್ಯಾಯಾಲಯಗಳು ನಂಬಿದ ಸಾಕ್ಷಿಯನ್ನು ಸುಳ್ಳುಗಾರ ಎನ್ನುತ್ತ ಕೂರಬೇಡಿ.

‘ಹೈಕೋರ್ಟ್ ಸಾಕ್ಷ್ಯವನ್ನು ಸರಿಯಾಗಿ ನೋಡಲಿಲ್ಲವೇ?’ ಇದು ಕಾನೂನಿನ ಪ್ರಶ್ನೆಯಲ್ಲ, ಗೊಣಗಾಟ. ‘ಕಾನೂನಿನ ಮಹತ್ವದ ಪ್ರಶ್ನೆಯನ್ನು ರೂಪಿಸದೆಯೇ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 100ನೇ ಕಲಮಿನ ಎರಡನೇ ಮೇಲ್ಮನವಿಯನ್ನು ಪುರಸ್ಕರಿಸಬಹುದೇ?’ ಇದು ಪ್ರಶ್ನೆ. ಇಂಥವು ಮೂರಿದ್ದರೆ ಸಾಕು, ಹನ್ನೆರಡು ಬರೆದರೆ ಒಂದೂ ಗಟ್ಟಿಯಿಲ್ಲ ಎಂದೇ ಓದುವವರು ತಿಳಿಯುತ್ತಾರೆ. ಪ್ರತಿಯೊಂದರ ಪಕ್ಕ ತೀರ್ಪಿನ ಪ್ಯಾರಾ ಸಂಖ್ಯೆ ನಮೂದಿಸಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಮಾದರಿಗಳನ್ನು ನಮೂನೆಗಷ್ಟೇ ನೋಡಿ. ಅವುಗಳಲ್ಲಿನ ಆಧಾರಗಳು ಯಾರ ಪ್ರಕರಣಕ್ಕೂ ಹೊಂದುತ್ತವೆ, ಅದೇ ಅವುಗಳ ದೋಷ.

ಹಂತ 4: ಅನುಬಂಧಗಳು. ಕೆಳಗೆ ಹಾಜರುಪಡಿಸದ ದಾಖಲೆ ತರಬೇಕಿದ್ದರೆ ಪ್ರತ್ಯೇಕ ಅರ್ಜಿ ಬೇಕು. ಕನ್ನಡ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಕಡ್ಡಾಯ. ಪಹಣಿಯನ್ನು ಅನುವಾದ ಆ್ಯಪ್‌ನ ಬಾಯಿಗೆ ಹಾಕಬೇಡಿ. ‘ಪೋಡಿ’, ‘ಖರಾಬು’ವಿನಂಥ ಜಮೀನು ದಾಖಲೆಯ ಪದಗಳು ಗುರುತು ಸಿಗದಂತಾಗಿ ಹೊರಬರುತ್ತವೆ. ಅರ್ಜಿ ಪರಿಶೀಲಿಸುವ ನ್ಯಾಯಾಲಯದ ಕಚೇರಿ (ರಿಜಿಸ್ಟ್ರಿ) ಲೋಪ ತೋರಿಸಿದರೆ 28 ದಿನದೊಳಗೆ ಸರಿಪಡಿಸಿ.

ಹಂತ 5: ವಿಚಾರಣೆ. ಸಾಮಾನ್ಯವಾಗಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಸಿಗುವುದು ಕೆಲವೇ ನಿಮಿಷ. ಕಡತ ಓದಿಕೊಂಡೇ ಬಂದಿರುತ್ತಾರೆ. ಕಥೆ ಹೇಳದೆ ಮೊದಲ ಪ್ರಶ್ನೆಯಿಂದಲೇ ವಾದ ಶುರುವಾಗಲಿ. ಎದುರು ಪಕ್ಷಕ್ಕೆ ನೋಟಿಸ್ ಹೊರಟಿತೆಂದು ಸಿಹಿ ಹಂಚಬೇಡಿ: ನೋಟಿಸ್ ಎಂದರೆ ತಡೆಯಾಜ್ಞೆಯಲ್ಲ, ಅದನ್ನು ಬೇರೆಯಾಗಿ ಕೇಳಬೇಕು. ಅನುಮತಿ ದೊರೆತ ಮೇಲಷ್ಟೇ ನಿಮ್ಮ ಅರ್ಜಿ ಮೇಲ್ಮನವಿ.

ಕಾರಣ ಹೇಳದೆ ಒಂದೇ ಸಾಲಿನಲ್ಲಿ ವಜಾ ಆದರೆ? ಹೈಕೋರ್ಟ್ ತೀರ್ಪನ್ನು ಎತ್ತಿಹಿಡಿದಂತಾಗುವುದಿಲ್ಲ. 2000ದ ಕುಂಞಹಮ್ಮದ್ ತೀರ್ಪು, ಅದನ್ನೇ ಅನುಸರಿಸಿದ 2019ರ ಕೊಳ್ಳೇಗಾಲದ ಸಕ್ಕರೆ ಕಾರ್ಖಾನೆ ಪ್ರಕರಣದ ತೀರ್ಪುಗಳ ಪ್ರಕಾರ, ಹೈಕೋರ್ಟಿನಲ್ಲೇ ಮರುಪರಿಶೀಲನೆ ಕೇಳುವ ದಾರಿ ಇನ್ನೂ ತೆರೆದಿರುತ್ತದೆ.