ಗುರುತು ಸಿಗದ ಹಳೆಯ ಉಪಕರಣವನ್ನು ಪತ್ತೆ ಹಚ್ಚುವ ಬಗೆ

ಏನೆಂದು ತಿಳಿಯದ ಹಳೆಯ ಉಪಕರಣವೊಂದು ಕೈಗೆ ಸಿಕ್ಕಾಗ ಅದನ್ನು ಉಜ್ಜಿ ಹೊಳಪಿಸುವ ಆತುರ ಖಂಡಿತ ಬೇಡ, ಏಕೆಂದರೆ ತುಕ್ಕಿನೊಂದಿಗೆ ಅದರ ಗುರುತುಗಳೂ ಅಳಿಸಿಹೋಗುತ್ತವೆ.

ಮೊದಲು ಸವೆತವನ್ನು ನೋಡಬೇಕು. ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕಸ್ತ ಸಾಕ್ಷಿ ಬೇರೊಂದಿಲ್ಲ. ಮರದ ಹಿಡಿ ಎಲ್ಲಿ ನುಣುಪಾಗಿದೆ, ಅಂಚು ಒಂದೇ ಬದಿಗೆ ಸವೆದಿದೆಯೇ, ಸುತ್ತಿಗೆಯ ಏಟಿಗೆ ತಲೆಯ ಲೋಹ ಅಣಬೆಯಂತೆ ಅರಳಿದೆಯೇ ಎಂಬುದನ್ನು ಗಮನಿಸಿದರೆ, ಅದನ್ನು ತಳ್ಳುತ್ತಿದ್ದರೋ, ಎಳೆಯುತ್ತಿದ್ದರೋ, ಬಡಿಯುತ್ತಿದ್ದರೋ ಎಂಬುದು ಸ್ಪಷ್ಟವಾಗುತ್ತದೆ. ಅಗಲವಾದ ಉಳಿಯಂತೆ ಕಂಡರೂ ಅಂಚು ಮೊಂಡಾಗಿದ್ದು, ಅದರುದ್ದಕ್ಕೂ ಸಣ್ಣ ತೋಡು ಇದ್ದರೆ, ಅದು ಮರದ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬುವ ಸಾಧನವಾಗಿರಬಹುದು.

ಬಳಿಕ ಟಾರ್ಚನ್ನು ಓರೆಯಾಗಿ ಹಿಡಿದು ಮಾಸಿದ ಅಕ್ಷರಗಳನ್ನು ಹುಡುಕಿ, ತೆಳುಕಾಗದವಿಟ್ಟು ಪೆನ್ಸಿಲಿನಿಂದ ತೀಡಿ ಅಚ್ಚು ತೆಗೆಯಿರಿ. ಪೇಟೆಂಟ್ ಸಂಖ್ಯೆ ದೊರೆತರೆ, ಪೇಟೆಂಟ್ ದಾಖಲೆಗಳಲ್ಲಿ ಮೂಲ ನಕ್ಷೆಯೇ ಸಿಗುವ ಸಾಧ್ಯತೆಯಿದೆ. ಸ್ಕ್ರೂಗಳೂ ಕಾಲವನ್ನು ಸೂಚಿಸುತ್ತವೆ: ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ (+) ಗೆರೆಗಳಿರುವ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ, ಆದರೆ ಅದು ದುರಸ್ತಿಯ ವೇಳೆ ಸೇರಿದ್ದೂ ಇರಬಹುದು.

ವಸ್ತು ಮದ್ದುಗುಂಡಿನಂತೆ ಕಂಡರೆ ಮಾತ್ರ ಮುಟ್ಟದೆ ದೂರ ಸರಿದು ಪೊಲೀಸರಿಗೆ ತಿಳಿಸಬೇಕು.