ಥೈರಾಯ್ಡ್ ಮಾತ್ರೆ 25ರಿಂದ ಶುರುವಾಗಿ 62.5ಕ್ಕೆ ನಿಂತಿದ್ದು

ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 18 ಬಂದಿತ್ತು. ಥೈರಾಯ್ಡ್ ಕೆಲಸ ಕಡಿಮೆಯಾದಷ್ಟೂ ಏರೋ ನಂಬರ್ ಅದು, ಹಾರ್ಮೋನ್ ಜಾಸ್ತಿಯಾದರೆ ಇಳಿಯುತ್ತೆ. ಡೊಂಬಿವಿಲಿಯ ನಮ್ಮ ಡಾಕ್ಟರು ಬರೆದುಕೊಟ್ಟಿದ್ದು ಮಾತ್ರ 25 ಮೈಕ್ರೋಗ್ರಾಂ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನಿನದೇ ಮಾತ್ರೆ. ಇಷ್ಟೇನಾ ಅನ್ನಿಸಿತು. ಪೂರ್ತಿ ಡೋಸ್ ಅಂದರೆ ಕಿಲೋಗೆ ಸುಮಾರು 1.6 ಮೈಕ್ರೋಗ್ರಾಂ, 60 ಕಿಲೋ ಇದ್ದವರಿಗೆ ನೂರರ ಹತ್ತಿರ. ಚಿಕ್ಕ ವಯಸ್ಸಿನವರಿಗೆ ಕೆಲವೊಮ್ಮೆ ಅಷ್ಟನ್ನೇ ನೇರವಾಗಿ ಕೊಡುತ್ತಾರೆ. ನನಗೆ ಐವತ್ತು ದಾಟಿದೆ, ಬಿಪಿ ಬೇರೆ. ಹಾರ್ಮೋನ್ ಒಮ್ಮೆಲೇ ಏರಿದರೆ ಹೃದಯಕ್ಕೆ ಕೆಲಸ ಜಾಸ್ತಿ, ಅದಕ್ಕೇ ನಿಧಾನ.

ಮುಂದಿನ ರಕ್ತಪರೀಕ್ಷೆ ಆರು ವಾರ ಬಿಟ್ಟು. ಸುಮ್ನೆ ಕಾಯಿಸುವುದಲ್ಲ ಅದು. ಈ ಔಷಧ ಮೈಯಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತೆ, ಹಾಗಾಗಿ ಹೊಸ ಡೋಸ್ ಒಂದು ಮಟ್ಟಕ್ಕೆ ಬಂದು ನಿಲ್ಲಲು ಐದಾರು ವಾರ ಬೇಕೇ ಬೇಕು, ಮಧ್ಯದಲ್ಲಿ ಟೆಸ್ಟ್ ಮಾಡಿಸಿದರೆ ಇನ್ನೂ ಇಳಿಯುತ್ತಿರೋ ನಂಬರ್ ನೋಡಿ ಗಾಬರಿಯಾಗೋದಷ್ಟೇ.

ಅಲ್ಲಿವರೆಗೆ ನನ್ನ ಕೆಲಸ ಒಂದೇ, ಬೇರೆ ಯಾವುದನ್ನೂ ಬದಲಾಯಿಸದೇ ಇರುವುದು. ಕಷ್ಟವಾಗಿದ್ದು ಕಾಫಿ. ಮಾಟುಂಗಾದಿಂದ ಪುಡಿ ತರಿಸಿ ಕುಡಿಯೋ ಮನೆ ನಮ್ಮದು, ಆದರೆ ಮಾತ್ರೆಯ ಜೊತೆಗೇ ಕಾಫಿ ಹೋದರೆ ಔಷಧ ಸರಿಯಾಗಿ ಮೈಗೆ ಹತ್ತಲ್ಲ. ಎದ್ದ ಕೂಡಲೇ ಬರೀ ನೀರಲ್ಲಿ ಮಾತ್ರೆ, ಆಮೇಲೆ ಫಿಲ್ಟರಿಗೆ ಬಿಸಿನೀರು ಹಾಕಿ ಸ್ನಾನ, ಪೂಜೆ. ಅಷ್ಟರಲ್ಲಿ ಒಂದು ಗಂಟೆ ಆಗಿರುತ್ತೆ, ಡಿಕಾಕ್ಷನ್ನೂ ಇಳಿದಿರುತ್ತೆ. ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು, ಅದನ್ನು ರಾತ್ರಿಗೆ ಹಾಕಿದೆ. ಮೆಡಿಕಲ್‌ನ ಕುಂದಾಪುರದ ಹುಡುಗ "ಅಕ್ಕಾ, ಕಂಪನಿ ಬೇರೆ, ಮಾತ್ರೆ ಒಂದೇ" ಅಂದ. ನಾಳೆ ಬರ್ತೀನಿ, ಹಳೇದೇ ತರಿಸು ಅಂದೆ. ಕಂಪನಿ ಬದಲಾದರೆ ಮೈಗೆ ಹತ್ತೋದರಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು, ಡೋಸ್ ಹೊಂದಿಸೋ ಹೊತ್ತಲ್ಲಿ ಅದ್ಯಾಕೆ? ಟೆಸ್ಟ್ ದಿನ ರಕ್ತ ಕೊಟ್ಟ ಮೇಲೇ ಮಾತ್ರೆ.

50ಕ್ಕೆ ಹೋದಾಗ ಮಲಬದ್ಧತೆ ಬಿಟ್ಟಿತು, ಸ್ಟೇಷನ್ ಬ್ರಿಜ್ ಹತ್ತುವಾಗ ಕಾಲು ಭಾರ ಅನ್ನಿಸೋದು ನಿಂತಿತು. ಟಿಎಸ್‌ಎಚ್ ಇನ್ನೂ 7 ಇತ್ತು, 75 ಮಾಡಿದರು. ಒಂದು ತಿಂಗಳಾಗುತ್ತಿದ್ದಂತೆ ಮಲಗಿದರೆ ಎದೆ ಡವಡವ, ಹೂ ಕಟ್ಟುವಾಗ ಬೆರಳು ನಡುಗಿ ಗಂಟು ಜಾರುತ್ತಿತ್ತು. ಡಾಕ್ಟರಿಗೆ ಫೋನ್ ಮಾಡಿದೆ, ಆ ಸಲ ಆರು ವಾರ ಕಾಯಲಿಲ್ಲ, ಇಸಿಜಿ, ರಕ್ತಪರೀಕ್ಷೆ ಎರಡೂ ಆಯಿತು. ಟಿಎಸ್‌ಎಚ್ 0.2, ಅಂದರೆ ಡೋಸ್ ಜಾಸ್ತಿಯಾಗಿತ್ತು. ಅವರೇ 62.5ಕ್ಕೆ ಇಳಿಸಿದರು. ಈಗ ಟಿಎಸ್‌ಎಚ್ 2.6, ಸರಿಯಾದ ಮಟ್ಟಕ್ಕೆ ಬಂದಿದೆ.

ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿಲ್ಲ. ಇನ್ನೊಂದು ಚೂರು ಏರಿಸಿಕೊಳ್ಳಿ, ಸಣ್ಣಗಾಗ್ತೀರಿ ಅಂತ ಬಿಲ್ಡಿಂಗಲ್ಲಿ ಸಲಹೆ ಕೊಡುವವರಿದ್ದಾರೆ. ಜಾಸ್ತಿಯಾದರೆ ಎದೆಬಡಿತ ತಾಳ ತಪ್ಪುತ್ತೆ, ಮುಟ್ಟು ನಿಂತ ವಯಸ್ಸಲ್ಲಿ ಮೂಳೆಯೂ ಸವೆಯುತ್ತೆ, ಅದನ್ನು ಅವರು ಹೇಳಲ್ಲ ಅಲ್ವಾ.